ಸಹಾಯ ಬೇಕು: ಮಳೆಗಾಲದಲ್ಲಿ ಘರ್ಷಣೆಯ ಪ್ರಯೋಗಕ್ಕೆ ಯಾವ ಹಲಗೆ ಒಳ್ಳೆಯದು?

ಮಡಿಕೇರಿ, ಸೋಮವಾರಪೇಟೆ ಕಡೆಯ ಭೌತಶಾಸ್ತ್ರದ ಮೇಷ್ಟ್ರುಗಳು ದಯವಿಟ್ಟು ಗಮನಿಸಿ. ಪ್ರಥಮ ಪಿಯುಸಿ ಮಕ್ಕಳಿಗೆ ಸ್ಥಿತ ಘರ್ಷಣೆಯ ಗುಣಾಂಕ (ನಿಂತ ವಸ್ತು ಜಾರದಂತೆ ಮೇಲ್ಮೈ ಎಷ್ಟು ಹಿಡಿಯುತ್ತದೆ ಎಂಬ ಸಂಖ್ಯೆ) ಅಳೆಯುವುದನ್ನು ಮಾಡಿಸಬೇಕಿದೆ. 90 ಸೆಂ.ಮೀ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ, ಮರದ ತುಂಡು ಜಾರಲು ಶುರುವಾದಾಗಿನ ಎತ್ತರವನ್ನು ಪಾದದ ಉದ್ದದಿಂದ (ಎತ್ತಿದ ತುದಿಯ ನೇರ ಕೆಳಗಿನ ಬಿಂದುವಿನಿಂದ ಇನ್ನೊಂದು ತುದಿಯವರೆಗಿನ ಅಡ್ಡ ಅಂತರ) ಭಾಗಿಸುವ ಕ್ರಮ. (ಹಲಗೆಯ ಉದ್ದದಿಂದ ಭಾಗಿಸಿದರೆ ಸಿಗುವುದು ಗುಣಾಂಕಕ್ಕೆ ಸಮನಾದ, ಜಾರುವ ಕೋನದ ಟ್ಯಾನ್ ಅಲ್ಲ, ಸೈನ್. 30 ಡಿಗ್ರಿಯಲ್ಲಿ 0.58 ಬರಬೇಕಾದ ಕಡೆ 0.50 ಬರುತ್ತದೆ. ಮಕ್ಕಳು ಎಡವುವುದು ಇಲ್ಲೇ.)

ತೊಂದರೆ ಏನೆಂದರೆ, ಜುಲೈ ತಿಂಗಳ ತೇವಕ್ಕೆ ಹಲಗೆ ಉಬ್ಬಿ ನಾರು ಏಳುತ್ತದೆ. ತುಂಡು ಒಂದು ಕಡೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆ ಬೇಗ ಜಾರುತ್ತದೆ. ಮೇಲೆ 200 ಗ್ರಾಂ ತೂಕ ಇಟ್ಟರೂ ಕೋನ ಬದಲಾಗದು ಎಂಬ ಮುಖ್ಯ ಪಾಠವನ್ನೇ ತೋರಿಸಲಾಗುತ್ತಿಲ್ಲ. ಸನ್‌ಮೈಕಾ ಹಾಕಿದ ಹಲಗೆಯೋ, ಗಾಜೋ? ತುಂಡಿನ ತಳಕ್ಕೆ ಏನು ಅಂಟಿಸುತ್ತೀರಿ? ನಿಮಗೆ ಸಿಕ್ಕ ಕೋನವನ್ನೂ ಬರೆಯಿರಿ.