ಮೈಲುತುತ್ತ, ಕ್ಯೂಪ್ರಿಕ್ ಸಲ್ಫೇಟ್, ಪೆಂಟಾಹೈಡ್ರೇಟ್: ಎಲ್ಲಾ ಒಂದೇನಾ?

ದ್ರಾಕ್ಷಿಚಪ್ಪರ
ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟ. ಬಳ್ಳಿಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರುತ್ತೇವೆ. ಹೋದ ಸಲ ಚೀಲದ ಮೇಲೆ ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್ ಅಂತ ಇತ್ತು, ಈ ಸಲ ಕ್ಯೂಪ್ರಿಕ್ ಸಲ್ಫೇಟ್ ಅಂತ ಇದೆ, ಮಗಳ ಪಿಯುಸಿ ಪುಸ್ತಕ ತೆಗೆದರೆ ಅಲ್ಲಿ ಕಾಪರ್ ಪಕ್ಕದಲ್ಲಿ ರೋಮನ್ ಎರಡು ಬರೆದಿದ್ದಾರೆ. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಒಂದೇ, ತಗೊಂಡು ಹೋಗಿ" ಅನ್ನುತ್ತಾರೆ. ಒಂದೇ ಆದರೆ ಇಷ್ಟು ಹೆಸರು ಯಾಕೆ?

ತುಮಕೂರು_ಲೆಕ್ಚರರ್
ಕ್ಯೂಪ್ರಿಕ್ ಮತ್ತು ರೋಮನ್ ಎರಡು, ಇವೆರಡೂ ಒಂದೇ ಮಾತು. ತಾಮ್ರದ ಅಯಾನಿನ, ಅಂದರೆ ವಿದ್ಯುತ್ ಚಾರ್ಜ್ ಹೊತ್ತ ಕಣದ ಮೇಲೆ ಒಂದು ಚಾರ್ಜ್ ಇರಬಹುದು, ಎರಡೂ ಇರಬಹುದು. ಹಳೇ ಪದ್ಧತಿಯಲ್ಲಿ ಕಡಿಮೆ ಇರುವುದಕ್ಕೆ ಕ್ಯೂಪ್ರಸ್, ಜಾಸ್ತಿ ಇರುವುದಕ್ಕೆ ಕ್ಯೂಪ್ರಿಕ್. ತೊಂದರೆ ಏನೆಂದರೆ ಕ್ಯೂಪ್ರಿಕ್ ಅಂದರೆ ಎರಡು, ಕಬ್ಬಿಣಕ್ಕೆ ಬಂದರೆ ಫೆರಿಕ್ ಅಂದರೆ ಮೂರು, ಫೆರಸ್ ಅಂದರೆ ಮತ್ತೆ ಎರಡು. ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ. ಅದಕ್ಕೇ 1919ರಲ್ಲಿ ಆಲ್ಫ್ರೆಡ್ ಸ್ಟಾಕ್ ಎಂಬ ಜರ್ಮನ್ ವಿಜ್ಞಾನಿ ಆ ಸಂಖ್ಯೆಯನ್ನೇ ಹೆಸರಿನಲ್ಲಿ ಬರೆಯೋಣ ಅಂದ. ನನ್ನ ಕೇಳಿದರೆ ಹಳೇದನ್ನು ಪೂರ್ತಿ ಬಿಟ್ಟುಬಿಡಬೇಕು, ಮಕ್ಕಳಿಗೆ ಸುಮ್ನೆ ಹೊರೆ.

ಪೆಂಟಾಹೈಡ್ರೇಟ್ ವಿಷಯ ಬೇರೆ. ಹರಳಿನ ಒಳಗೆ ಐದು ನೀರಿನ ಅಣು ಸೇರಿಕೊಂಡಿವೆ ಅಂತ ಅರ್ಥ. ನೀಲಿ ಬಣ್ಣಕ್ಕೆ ಆ ನೀರೇ ಕಾರಣ, ಚೆನ್ನಾಗಿ ಕಾಯಿಸಿದರೆ ಪುಡಿ ಬೆಳ್ಳಗಾಗುತ್ತದೆ. ನೀಲಿ ಹರಳಿನ ತೂಕದಲ್ಲಿ ತಾಮ್ರ ಸುಮಾರು 25%, ಬಿಳಿ ಪುಡಿಯಲ್ಲಿ ಸುಮಾರು 40%. ನಿಮ್ಮ ಚೀಲದಲ್ಲಿ ನೀಲಿ ಹರಳು ಇದ್ದರೆ ಅದು ಪೆಂಟಾಹೈಡ್ರೇಟೇ, ನೂರು ಲೀಟರ್ ನೀರಿಗೆ ಒಂದು ಕೆಜಿ, ಜೊತೆಗೆ ಒಂದು ಕೆಜಿ ಸುಣ್ಣ ಅನ್ನುವ ಲೆಕ್ಕ ಹಾಗೇ ನಡೆಯುತ್ತದೆ.

ಕೋಲಾರ_ಗೊಬ್ಬರದಂಗಡಿ
ಅಂಗಡಿಯವರೆಲ್ಲ ಹಾಗೇ ಅನ್ನಬೇಡಿ ಸ್ವಾಮಿ 😀 ಆದರೆ ಸರ್ ಹೇಳಿದ ನೀರಿನ ಮಾತು ಜಿಂಕ್ ಸಲ್ಫೇಟಿನಲ್ಲಿ ನಿಜಕ್ಕೂ ದುಡ್ಡಿನ ವಿಷಯ. ಹೆಪ್ಟಾಹೈಡ್ರೇಟ್ ಅಂದರೆ ಏಳು ನೀರು, ಜಿಂಕ್ 21%. ಮೊನೋಹೈಡ್ರೇಟ್ ಅಂದರೆ ಒಂದೇ ನೀರು, ಜಿಂಕ್ 33%. ರಾಗಿಗೆ, ಟೊಮೆಟೊಗೆ ಎರಡನ್ನೂ ಒಯ್ಯುತ್ತಾರೆ, ರೇಟು ಮಾತ್ರ ನೋಡುತ್ತಾರೆ. 21ರದ್ದು ಹತ್ತು ಕೆಜಿ ಹಾಕುವ ಕಡೆ 33ರದ್ದು ಆರೂವರೆ ಕೆಜಿಗಿಂತ ಕಡಿಮೆ ಸಾಕು. ಹೆಸರಿನ ಬಾಲ ಓದಿ, ಆಮೇಲೆ ರೇಟು ಕೇಳಿ.

ಸೆಕೆಂಡ್_ಪಿಯು
ಸರ್, ಜಿಂಕ್ ಪಕ್ಕದಲ್ಲಿ ರೋಮನ್ ಸಂಖ್ಯೆ ಯಾಕೆ ಇಲ್ಲ? ಮತ್ತೆ ಅಲ್ಯೂಮಿನಿಯಂ ಸಲ್ಫೇಟಿನಲ್ಲಿ ಎರಡು ಅಲ್ಯೂಮಿನಿಯಂ, ಮೂರು ಸಲ್ಫೇಟ್ ಇದ್ದರೂ ಹೆಸರಿನಲ್ಲಿ ಡೈ, ಟ್ರೈ ಏನೂ ಬರುವುದಿಲ್ಲ ಅಲ್ವಾ?

ತುಮಕೂರು_ಲೆಕ್ಚರರ್
ಜಿಂಕ್ ಸಾಮಾನ್ಯವಾಗಿ ಎರಡು ಚಾರ್ಜಿನಲ್ಲೇ ಇರುತ್ತದೆ, ಹೇಳುವ ಅಗತ್ಯ ಇಲ್ಲ. ಅಲ್ಯೂಮಿನಿಯಂ ಮೂರು, ಸಲ್ಫೇಟ್ ಎರಡು ಅಂತ ಗೊತ್ತಿದ್ದರೆ ಚಾರ್ಜ್ ಸರಿದೂಗುವುದಕ್ಕೆ ಇರುವುದು ಆ ಒಂದೇ ಲೆಕ್ಕ. ಆದರೆ ನೈಟ್ರೋಜನ್ ಮತ್ತು ಆಕ್ಸಿಜನ್ ಬೇರೆ ಬೇರೆ ಪ್ರಮಾಣದಲ್ಲಿ ಸೇರುತ್ತವೆ, ಅಲ್ಲಿ ಎಣಿಸಿ ಹೇಳಲೇಬೇಕು. ಡೈನೈಟ್ರೋಜನ್ ಟೆಟ್ರಾಕ್ಸೈಡ್ (ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್) ಅನ್ನುವುದು ಅದಕ್ಕೇ. ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಮೂರನ್ನೂ ಕಲಸಿಕೊಳ್ಳಬೇಡ. ಸಲ್ಫೈಡಿನಲ್ಲಿ ಆಕ್ಸಿಜನ್ ಇಲ್ಲ, ಸಲ್ಫೈಟಿನಲ್ಲಿ ಮೂರು, ಸಲ್ಫೇಟಿನಲ್ಲಿ ನಾಲ್ಕು. ಇಂಥ ಬಾಲಗಳನ್ನು ಪದ್ಧತಿಯಾಗಿ ತಂದದ್ದು ಫ್ರಾನ್ಸಿನಲ್ಲಿ, 1787ರಲ್ಲಿ, ರಸಾಯನ ವಿಜ್ಞಾನಿ ಲವಾಸಿಯೇ ಮತ್ತು ಅವನ ಮೂವರು ಜೊತೆಗಾರರು.

ದ್ರಾಕ್ಷಿಚಪ್ಪರ
ಚೀಲ ಬಿಚ್ಚಿ ನೋಡಿದೆ, ನೀಲಿ ಹರಳೇ. ಹಳೇ ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಹುದಾ?

ತುಮಕೂರು_ಲೆಕ್ಚರರ್
ಬೇಡ, ಪ್ಲಾಸ್ಟಿಕ್ ಡ್ರಮ್ ತಗೊಳ್ಳಿ. ಕಬ್ಬಿಣದಲ್ಲಿ ಕಲಸಿದರೆ ತಾಮ್ರ ಹೋಗಿ ಡ್ರಮ್ಮಿಗೆ ಅಂಟುತ್ತದೆ, ನೀರಿನಲ್ಲಿ ಫೆರಸ್ ಸಲ್ಫೇಟ್ ಆಗುತ್ತದೆ, ಅಂದರೆ ಅನ್ನಭೇದಿ. ಬಳ್ಳಿಗೆ ಅದನ್ನು ಹೊಡೆದು ಏನು ಮಾಡುತ್ತೀರಿ?