ಸಹಾಯ ಬೇಕು: ಪಾಠ ಆದ್ಮೇಲೆ ಬಿ.ಎಡ್. ಮಕ್ಕಳ ಬಾಯಿ ಬಿಡಿಸೋದು ಹೇಗೆ?

ನಮಸ್ಕಾರ. ಮಂಡ್ಯದಲ್ಲಿ ಬಿ.ಎಡ್. ಮಕ್ಕಳಿಗೆ ಗಣಿತ ಬೋಧನೆ ಹೇಳಿಕೊಡ್ತೀನಿ. ಪಾಠಯೋಜನೆ ಅಂದ್ರೆ ಸೀನಿಯರ್ ರೆಕಾರ್ಡ್ ನೋಡಿ ಇಳಿಸೋದು ಅನ್ನೋ ಹಾಗಾಗಿದೆ. ಒಬ್ಬರಂತೂ ಹೋದ ವರ್ಷದ ತಾರೀಖನ್ನೂ ಬಿಟ್ಟಿರಲಿಲ್ಲ! ಅದಕ್ಕೇ ಈ ಸಲ ಜಪಾನಿನ ‘ಲೆಸನ್ ಸ್ಟಡಿ’ ಥರ ಮಾಡಿಸ್ತಿದ್ದೀನಿ: ನಾಲ್ವರು ಕೂತು ಒಂದೇ ಪಾಠ ಯೋಜಿಸೋದು, ಒಬ್ಬರು ಕ್ಲಾಸ್ ತಗೊಳ್ಳೋದು, ಉಳಿದವರು ಹಿಂದೆ ಕೂತು ಟೀಚರನ್ನಲ್ಲ, ಶಾಲೆ ಮಕ್ಕಳನ್ನ ಗಮನಿಸೋದು. ಆಮೇಲೆ ಯೋಜನೆ ತಿದ್ದೋದು.

ಮೊನ್ನೆ ಒಬ್ಬ ಹುಡುಗ ಪಕ್ಕದವನಿಗೆ ‘ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ, ಅದಕ್ಕೆ 1/3ಕ್ಕಿಂತ 1/4 ದೊಡ್ಡದು’ ಅಂದ. ಬೋರ್ಡ್ ಹತ್ರ ಇದ್ದವರಿಗೆ ಕೇಳಿಸಲೇ ಇಲ್ಲ, ಹಿಂದಿದ್ದವರು ಬರ್ಕೊಂಡಿದ್ರು. ಆದ್ರೆ ಚರ್ಚೆಗೆ ಕೂತ್ರೆ ‘ಚೆನ್ನಾಗಿತ್ತು ಮೇಡಂ’ ಬಿಟ್ಟು ಮಾತಿಲ್ಲ. ಗೆಳತಿ ಬೇಜಾರು ಮಾಡ್ಕೋತಾಳೆ ಅಂತ. ನೀವು ಏನು ಕೇಳಿ ಮಾತಾಡಿಸ್ತೀರಿ? ಕನ್ನಡದಲ್ಲಿ ಅವಲೋಕನ ನಮೂನೆ ಇದ್ರೆ ದಯವಿಟ್ಟು ಹಾಕಿ. ಸೋಮವಾರ ಮುಂದಿನ ಪಾಠ.