ಅಕ್ಕನ ಮಗಳು ಬರುತ್ತಿದ್ದಾಳೆ, ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯ ವಿದ್ಯಾನಗರದವರು. ಅಮೆರಿಕದಲ್ಲಿರುವ ನಮ್ಮ ಅಕ್ಕ, ಭಾವ ನಮ್ಮ ರಾಜ್ಯದ್ದೇ ಐದು ವರ್ಷದ ಹುಡುಗಿಯನ್ನು ದತ್ತು ತಗೊಳ್ಳುತ್ತಿದ್ದಾರೆ. ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬಂದಿದೆ. ಇನ್ನು ಜಿಲ್ಲಾಧಿಕಾರಿಗಳ ಆದೇಶ ಆಗಬೇಕು. ಮೊದಲು ಇದಕ್ಕೆ ಕೋರ್ಟಿಗೆ ಹೋಗಬೇಕಿತ್ತು, ಬಾಲನ್ಯಾಯ ಕಾಯ್ದೆಗೆ 2021ರ ತಿದ್ದುಪಡಿ ಆದಮೇಲೆ ಡಿಸಿ ಆಫೀಸಿಗೆ ಬಂದಿದೆ. ಆಮೇಲೆ ದೇಶ-ದೇಶಗಳ ನಡುವಿನ ದತ್ತಿಗೆ ಇರುವ ಹೇಗ್ ಒಪ್ಪಂದದ 23ನೇ ವಿಧಿಯ ಸರ್ಟಿಫಿಕೇಟು (ದತ್ತು ಆ ಒಪ್ಪಂದದ ಪ್ರಕಾರವೇ ಆಗಿದೆ ಅನ್ನೋದಕ್ಕೆ), ಪಾಸ್‌ಪೋರ್ಟು, ವೀಸಾ. ಕಾಗದದ ಕೆಲಸ ಹೇಗೋ ನಡೆಯುತ್ತದೆ ಬಿಡಿ.

ನನ್ನ ಚಿಂತೆ ಬೇರೆ. ಆದೇಶ ಬರುವವರೆಗೆ ಮಗುವನ್ನು ಅಕ್ಕನ ಹತ್ತಿರವೇ ಬಿಡುತ್ತಾರಂತೆ. ಅಂದರೆ ಒಂದಷ್ಟು ದಿನ ಎಲ್ಲರೂ ನಮ್ಮ ಮನೆಯಲ್ಲಿ. ನಮ್ಮ ಅವ್ವ ಈಗಲೇ ಆರತಿ, ಹೋಳಿಗೆ ಊಟ, ನೂರು ಜನ ಅಂತ ಲೆಕ್ಕ ಹಾಕುತ್ತಿದ್ದಾಳೆ. ಪಾಪ, ಖುಷಿ ಅವಳಿಗೆ. ಆದರೆ ಮಗುವಿಗೆ ಅಷ್ಟೊಂದು ಹೊಸ ಮುಖ ಒಮ್ಮೆಲೇ ಜಾಸ್ತಿ ಆಗಲ್ವಾ? ಅವ್ವನಿಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?

ಇನ್ನೊಂದು ಮಾತು. ಮಗುವಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಭಾವ ಮರಾಠಿಯವರು, ಅಲ್ಲಿ ಮನೆಯಲ್ಲಿ ಇಂಗ್ಲಿಷೇ. ಅವಳ ಮಾತು ಪೂರ್ತಿ ಮರೆತುಹೋಗಬಾರದು ಅನ್ನೋ ಆಸೆ. ಚಿತ್ರ ಜಾಸ್ತಿ ಇರುವ ಕನ್ನಡ ಕಥೆಪುಸ್ತಕ ಧಾರವಾಡದಲ್ಲಿ ಎಲ್ಲಿ ಸಿಗುತ್ತವೆ? ಸ್ವಲ್ಪ ದೊಡ್ಡ ಮಗುವನ್ನು ದತ್ತು ತಗೊಂಡವರು ಇದ್ದರೆ, ಮೊದಲ ವಾರ ಹೇಗಿತ್ತು ಅಂತ ಬರೆಯಿರಿ. ರಾತ್ರಿ ಅತ್ತರೆ ಏನು ಮಾಡಿದಿರಿ?

ಫೋಟೋ ಮಾತ್ರ ಕೇಳಬೇಡಿ. ಮಗುವಿನ ಗುರುತು ಹೊರಗೆ ಹಾಕುವ ಹಾಗಿಲ್ಲ.